ಮುಕ್ಕಾಲು ಇಂಚು

ಟಕ್ ಎಂದು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಮತ್ತೆ ಮುರಿಯಿತು, ಇದು ಮೂರನೆಯದು, ಆ ಸದ್ದು ಕೇಳಿದರೆ ಇವತ್ತಿಗೂ ಅವಳಿಗೆ ಕಾಂಪೌಂಡ್ ಗೋಡೆ ಕಣ್ಮುಂದೆ ಬರುತ್ತದೆ, ಗೋಡೆಯ ಮೇಲೆ ನಾಲ್ಕು ವರ್ಷದ ತಮ್ಮ, ಎರಡೂ ಕೈ ಚಾಚಿ — ಬೇಡ, ಈಗ ಅದು ಬೇಡ, ಕೆಲಸ ನೋಡಬೇಕು, ನಾಳಿದ್ದೇ ಮೆರವಣಿಗೆ. ದೇಶ ಮಹಾಯುದ್ಧಕ್ಕೆ ಇಳಿದ ದಿನದ ನೆನಪಿಗೆ ವರ್ಷವರ್ಷವೂ ಸಿಪಾಯಿ ವೇಷ ಹೊಲಿದವಳು ಅವಳೇ, ತೆಳು ಬಟ್ಟೆ, ಜೇಬಿಗೆ ಬರೀ ಮುಚ್ಚಳ, ಸಂಜೆಯೊಳಗೆ ಎಲ್ಲ ವಾಪಸ್ ಬಂದು ಪೆಟ್ಟಿಗೆ ಸೇರುತ್ತಿದ್ದವು, ಈ ಸಲ ಇದ್ಯಾವ ದಪ್ಪ ಬಟ್ಟೆ, ಎದೆಯ ಒಳಗಡೆ ನಿಜವಾದ ಜೇಬು ಬೇರೆ, ಗಾಯಕ್ಕೆ ಕಟ್ಟೋ ಪಟ್ಟಿ ಹಿಡಿಸ್ಬೇಕಮ್ಮ ಅಂದರು ಅಂಗಡಿಯ ಯಜಮಾನರು, ಮೆರವಣಿಗೇಲಿ ಯಾರಿಗೆ ಸ್ವಾಮಿ ಗಾಯ ಆಗೋದು ಎಂದು ಅವಳು ನಕ್ಕರೆ ಅವರು ನಗಲಿಲ್ಲ, ಎದ್ದು ಬಾಗಿಲು ಹಾಕಿಕೊಂಡು, ಈ ಸಲ ಬಟ್ಟೆ ವಾಪಸ್ ಬರಲ್ಲ, ಊರ ಉಸಾಬರಿ ನಿಂಗ್ಯಾಕೆ, ಸುಮ್ನೆ ಹೊಲಿ ಅಂದರು.

ಇವರ ಗುಟ್ಟಿಗಿಷ್ಟು ಬೆಂಕಿ ಹಾಕ! ಅವರು ಕೊಟ್ಟ ಹಾಳೆಯಲ್ಲಿ ಹೆಸರಿಲ್ಲ, ನಲವತ್ತು ಜನರ ಅಳತೆ ಮಾತ್ರ, ಆದರೆ ಹೊಲಿಯುವವಳಿಗೆ ಅಳತೆಯೇ ಮುಖ — ಇವನು ಹೊಟ್ಟೆಬಾಕ, ಇವನದು ಗೂನುಬೆನ್ನು, ಇನ್ನೊಬ್ಬನದು ಎದೆ ಮೂವತ್ತೊಂದು, ಅಯ್ಯೋ, ಇವನಿಗಿನ್ನೂ ಮೈಯೇ ತುಂಬಿಲ್ಲ — ಆಮೇಲೆ ಇಪ್ಪತ್ತೇಳನೆಯವನು, ಬಲತೋಳು ಇಪ್ಪತ್ನಾಲ್ಕು, ಎಡತೋಳು ಇಪ್ಪತ್ಮೂರೂ ಕಾಲು. ಬರೆದವನಿಗೆ ಕಣ್ಣಿಲ್ಲವೇ, ಒಂದೇ ಮೈಗೆ ಎರಡು ಅಳತೆಯೇ, ಎಂದು ಬೈಯಲು ಬಾಯಿ ತೆರೆದವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಾಗದ ಹಾಗೆ ತಮ್ಮನ ಒಂದೊಂದು ಅಂಗಿಯ ಎಡತೋಳನ್ನೂ ಮುಕ್ಕಾಲು ಇಂಚು ಗಿಡ್ಡ ಮಾಡಿ ಹೊಲಿದುಕೊಟ್ಟವಳು ಅವಳೇ ಅಲ್ಲವೇ, ಆವತ್ತು ಗೋಡೆಯ ಕೆಳಗೆ ನಿಂತು, ಹಾರೋ ಪುಟ್ಟಾ, ನಾನು ಹಿಡ್ಕೋತೀನಿ, ಅಂದವಳೂ ಅವಳೇ, ಯಾರೋ ಗೆಳತಿ ಕೂಗಿದಳೆಂದು ಒಂದು ಗಳಿಗೆ ಆಚೆ ತಿರುಗಿದವಳೂ ಅವಳೇ, ಆಗ ಟಕ್ ಅಂದಿತ್ತು ಅವನ ಎಡಗೈ.

ಇವತ್ತು ಬೆಳಿಗ್ಗೆ ತಮ್ಮ ಎಂದೂ ಇಲ್ಲದ್ದು ತಾನೇ ತಟ್ಟೆ ತೊಳೆದಿಟ್ಟ, ಅಬ್ಬಾ ಬುದ್ಧಿ ಬಂತಪ್ಪ ಎಂದು ಹಿಗ್ಗಿದಳಲ್ಲ, ದಡ್ಡಿ! ಮೆರವಣಿಗೆ ನೋಡೋಕೆ ಬರ್ಬೇಡ ಅಕ್ಕಾ, ಈ ಸಲ ರೈಲ್ವೆ ಸ್ಟೇಷನ್‌ವರೆಗೂ ಹೋಗುತ್ತಂತೆ, ನೂಕುನುಗ್ಗಲು, ನಂಗಂತೂ ಬಸ್ ಡಿಪೋದಲ್ಲಿ ಡ್ಯೂಟಿ, ಅಂದ, ಸುಳ್ಳ, ಕಣ್ಣು ನೋಡದೆ ಅಂದ, ಇದೇ ಅಂಗಿ ತೊಟ್ಟು ಅಲ್ಲಿಂದಲೇ ನಿಜವಾದ ಯುದ್ಧಕ್ಕೆ ರೈಲು ಹತ್ತುವವನು — ಏನಮ್ಮಾ, ಇಪ್ಪತ್ತೇಳು ಆಯ್ತಾ ಎಂದು ಯಜಮಾನರು ಕೂಗುತ್ತಿದ್ದಾರೆ, ಕತ್ತರಿ ಬಾಯಿ ತೆರೆದುಕೊಂಡೇ ಇದೆ, ಬಟ್ಟೆಯ ಮೇಲೆ ಎಡತೋಳಿನ ಬಿಳಿ ಗೆರೆ, ಗೋಡೆಯ ಮೇಲೆ ತಮ್ಮ, ಎರಡೂ ಕೈ ಚಾಚಿ, ಅಕ್ಕಾ, ಹಾರ್ಲಾ?