ಮೂವರಿಗೆ ಒಂದೇ ಹೆಡ್‌ಫೋನ್

ನಾನು ಮಾತಾಡುವಾಗ ನನ್ನ ಗಂಡ ನನ್ನ ಮುಖ ನೋಡಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಅದಕ್ಕೂ ಮುಂಚಿನ ಹದಿನೆಂಟು ವರ್ಷ ಅವರು ನೋಡಿದ್ದು ಪೇಪರು, ಟೀವಿ, ಕಿಟಕಿ, ಇಲ್ಲವೇ ತಮ್ಮದೇ ಕಾಲಿನ ಹೆಬ್ಬೆರಳು. ನಾನು ಏನು ಹೇಳಿದರೂ ‘ಹೂಂ’ ಎಂಬ ಒಂದೇ ಉತ್ತರ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ತಂಗಿಯ ಹತ್ತಿರ ಗೊಣಗಿ ಗೊಣಗಿ, ಕೊನೆಗೆ ಗೊಣಗುವುದಕ್ಕೂ ಬೇಸರ ಬಂದು ಬಿಟ್ಟುಬಿಟ್ಟಿದ್ದೆ. ಆಮೇಲೆ ಒಂದು ದಿನ ಅವರು ಪೇಪರು ಮಡಿಚಿಟ್ಟು ನನ್ನ ಕಡೆ ತಿರುಗಿ ಕೂತರು. ನಾನು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಕೌಂಟರಿನಲ್ಲಿ ನಡೆದ ಯಾವುದೋ ಜಗಳ ಹೇಳುತ್ತಿದ್ದೆ. ಪೂರ್ತಿ ಕೇಳಿದರು. ಮರುದಿನವೂ ಕೇಳಿದರು.

ತಂಗಿಗೆ ಫೋನು ಮಾಡಿ ಹೇಳಿದೆ. “ನಿಮ್ಮ ಭಾವ ಬದಲಾಗಿದಾರೆ ಕಣೇ. ಬಾಯಿ ತೆಗೆದ್ರೆ ಸಾಕು, ನನ್ನ ಮುಖದಿಂದ ಕಣ್ಣು ಕೀಳಲ್ಲ.”

“ಹುಷಾರಕ್ಕ. ಏನೋ ತಪ್ಪು ಮಾಡಿರ್ಬೇಕು,” ಎಂದು ಅವಳು ನಕ್ಕಳು.

ನಲವತ್ತೈದು ದಾಟಿದವಳು ಹೇಳಿಕೊಳ್ಳುವ ಮಾತಲ್ಲ, ಆದರೂ ಹೇಳುತ್ತೇನೆ. ನನಗೆ ಬಹಳ ಸುಖವಾಗಿತ್ತು. ಕೆಲಸ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಬೀಗ ತೆಗೆಯುವ ಮೊದಲು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ತಡವಾಗಿಯಾದರೂ ನನಗೊಬ್ಬ ಗಂಡ ಸಿಕ್ಕಿದ ಎಂದುಕೊಂಡಿದ್ದೆ.

ಹೆಡ್‌ಫೋನಿನ ಮಾತು ಎದ್ದದ್ದು ಟೀವಿಯಿಂದ. ಇವರು ಅದರ ದನಿಯನ್ನು ಏರಿಸುತ್ತಾ ಹೋದಂತೆ ಕೆಳಮನೆಯ ನಿವೃತ್ತ ಮೇಷ್ಟ್ರು ಕಸಬರಿಕೆಯ ಹಿಡಿಯಿಂದ ತಮ್ಮ ಚಾವಣಿ ಕುಟ್ಟುತ್ತಿದ್ದರು. ಕುಟ್ಟಿದ್ದು ನಮ್ಮ ಕಾಲಡಿಗೇ ತಾಗುತ್ತಿತ್ತು. ಇವರದು ಸ್ಟೀಲ್ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಕೆಲಸ. ದಿನಕ್ಕೆ ಎಂಟು ಗಂಟೆ ಆ ಯಂತ್ರದ ಮುಂದೆ ನಿಂತವರು ಮನೆಯಲ್ಲೂ ಎಲ್ಲವನ್ನೂ ಜೋರಾಗಿಯೇ ಮಾಡುತ್ತಾರೆ ಎಂದು ನಾನು ಸುಮ್ಮನಿದ್ದೆ. ಅಗ್ಗದ ಹೆಡ್‌ಫೋನು ಎರಡು ಸಲ ತಂದದ್ದೂ ಆಯಿತು. ಒಂದು ಮಡಚುವ ಕಡೆ ಬಿರುಕು ಬಿಟ್ಟಿತು. ಇನ್ನೊಂದರ ಮೆತ್ತೆ ಸುಲಿದು, ಹಾಕಿಕೊಂಡವರ ಕಿವಿಯ ಸುತ್ತ ಕರಿ ಪುಡಿ ಮೆತ್ತುತ್ತಿತ್ತು.

“ಈ ಸಲ ಒಂದೇ ತಗೊಳ್ಳೋಣಮ್ಮ, ಗಟ್ಟಿಯಾದ್ದು,” ಎಂದಳು ಮಗಳು. ಹತ್ತೊಂಬತ್ತು ವರ್ಷದವಳು. ಮಾತು ಚುಚ್ಚುತ್ತದೆ ಎಂದು ಅವಳನ್ನು ಅವರಪ್ಪ ಸೂಜಿ ಎಂದೇ ಕರೆಯುವುದು. “ಕಿವಿ ಪೂರ್ತಿ ಮುಚ್ಚೋದು. ಅಪ್ಪನಿಗೆ ಹಾಡು, ನಿನಗೆ ಸಿನಿಮಾ, ನನಗೆ ಗೇಮು.”

“ಮೂರು ತಲೆಗೆ ಒಂದೇ ಟೋಪಿನಾ?”

“ಗಟ್ಟಿ ಇದ್ರೆ ನಾಲ್ಕಕ್ಕೂ ಆಗುತ್ತೆ. ಮೇಷ್ಟ್ರಿಗೂ ಕೊಡೋಣ.”

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಅಂಗಡಿಯಲ್ಲಿ ಗೋಡೆ ತುಂಬ ಹೆಡ್‌ಫೋನು ನೇತುಹಾಕಿದ್ದರು. ಅಂಗಡಿಯಾಕೆ ಕೊರಳಲ್ಲೂ ಒಂದು ಹಾಕಿಕೊಂಡಿದ್ದಳು. ಮೂರು ತೆಗೆದು ಮುಂದಿಟ್ಟಳು. ಇವರು ಒಂದನ್ನೂ ಕಿವಿಗಿಡಲಿಲ್ಲ. ತಲೆಪಟ್ಟಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿ ಬಿಟ್ಟರು, ಮಡಚುವ ಕೀಲನ್ನು ಹತ್ತು ಸಲ ತೆಗೆದು ಮುಚ್ಚಿದರು, ಮೆತ್ತೆಯ ಹೊಲಿಗೆಯ ಮೇಲೆ ಉಗುರು ಎಳೆದರು.

“ಇದು ಪ್ಲಾಸ್ಟಿಕ್, ಆರು ತಿಂಗಳು. ಇದರ ಒಳಗೆ ಸ್ಟೀಲ್ ಪಟ್ಟಿ ಇದೆ. ಎಷ್ಟು ಬಗ್ಗಿಸಿದ್ರೂ ವಾಪಸ್ ಬರುತ್ತೆ. ಮೆತ್ತೆ ಬೇರೆ ಸಿಗುತ್ತಾ?”

“ಸಿಗುತ್ತೆ ಸರ್. ವೈರೂ ಬಿಚ್ಚಿ ಬದಲಾಯಿಸ್ಬಹುದು. ವೈರಿಲ್ಲದೇನೂ ಕೇಳ್ಬಹುದು.”

ಕೇಳುವ ವಸ್ತುವನ್ನು ಕೈಯಲ್ಲಿ ಆರಿಸುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಇವರು ಆನೆ ಕೊಂಡರೂ ಕಾಲು ಬಗ್ಗಿಸಿ ನೋಡುತ್ತಾರೆ ಎಂದು ಅಂಗಡಿಯಾಕೆಗೆ ಹೇಳಿದೆ. ಅವಳು ನಗುತ್ತಾ ಆ ಸ್ಟೀಲ್ ಪಟ್ಟಿಯ ಕರಿ ಹೆಡ್‌ಫೋನನ್ನು ಇವರ ತಲೆಗೆ ಹಾಕಿದಳು. ಅದೇ ಥರದ ಬಿಳಿ ಬಣ್ಣದ್ದನ್ನು ಮಗಳಿಗೆ ಕೊಟ್ಟು, ತನ್ನ ಫೋನಿನಲ್ಲಿ ಒಂದು ಹಾಡು ಹಚ್ಚಿದಳು.

“ಹೇಗಿದೆ ಸರ್?” ಎಂದು ಹೆಬ್ಬೆರಳು ಎತ್ತಿ ಕೇಳಿದಳು.

ಇವರು ಅವಳ ಮುಖ ನೋಡಿದರು. ಅವಳು ತಲೆಯಾಡಿಸುತ್ತಿದ್ದಳು. ಇವರೂ ತಲೆಯಾಡಿಸಿದರು. “ಚೆನ್ನಾಗಿದೆ. ಡ್ರಮ್ಸು ಒಳ್ಳೆ ಗಟ್ಟಿಯಾಗಿ ಬರ್ತಿದೆ.”

ಅಂಗಡಿಯಾಕೆ ಫೋನು ನೋಡಿ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಸಾರಿ ಸರ್. ನಿಮ್ಮದಕ್ಕೆ ಕನೆಕ್ಟೇ ಆಗಿಲ್ಲ. ಹಾಡು ನಿಮ್ಮ ಮಗಳದಕ್ಕೆ ಹೋಗ್ತಿದೆ.”

ನಾನು ಜೋರಾಗಿ ನಕ್ಕೆ. ಅಂಗಡಿಯಾಕೆಯೂ ನಕ್ಕಳು. ಇವರೂ ನಕ್ಕರು, ಆದರೆ ನಾವಿಬ್ಬರೂ ನಕ್ಕ ಮೇಲೆ, ನನ್ನ ಬಾಯಿ ನೋಡಿಕೊಂಡು. ಮಗಳು ಮಾತ್ರ ನಗಲಿಲ್ಲ. “ಅಪ್ಪ ತಮಾಷೆ ಮಾಡಿದ್ದು,” ಎಂದಳು, ಯಾರೂ ಕೇಳದಿದ್ದರೂ.

ನಾನು ಗಾಜಿನ ಹಿಂದೆ ಕೂತು ಟಿಕೆಟ್ ಕೊಡುವವಳು. ಗಾಜಿನ ಆಚೆ ನಿಂತವರಿಗೆ ನನ್ನ ಮಾತು ಕೇಳಿಸದಿದ್ದಾಗ ಅವರು ನನ್ನ ಕಣ್ಣು ನೋಡುವುದಿಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ ನೋಡುತ್ತಾರೆ. ದಿನಕ್ಕೆ ಇನ್ನೂರು ಜನರಲ್ಲಿ ಕಾಣುವ ಆ ನೋಟ ನನಗೆ ಮನೆಯಲ್ಲಿ ಕಂಡಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾಲ್ಕು ವರ್ಷ ಪ್ರತ್ಯಕ್ಷ ಕಂಡವಳು ಒಂದು ಸಲವೂ ಪ್ರಮಾಣಿಸಲಿಲ್ಲ, ಯಾಕೆಂದರೆ ಕಂಡದ್ದು ನನಗೆ ಬೇಕಾದದ್ದೇ ಆಗಿತ್ತು.

ಇವರ ತಲೆಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಕೆಮ್ಮು ಬಂದವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, “ರೀ, ನಿಮ್ಮ ಅಂಗಿ ಗುಂಡಿ ಬಿಚ್ಚಿದೆ,” ಎಂದೆ.

“ಹೂಂ,” ಎಂದರು. ಕೈ ಗುಂಡಿಯ ಹತ್ತಿರ ಹೋಗಲಿಲ್ಲ.

ಬಾಗಿಲ ಪಕ್ಕದಲ್ಲಿ ರಿಪೇರಿಗೆ ಬಂದವರು ಕೂರುವ ಬೆಂಚಿತ್ತು. ಮಗಳೇ ನಮ್ಮಿಬ್ಬರನ್ನೂ ಅಲ್ಲಿ ಕೂರಿಸಿದಳು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಇವರು ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತರು.

“ಎಷ್ಟು ದಿನದಿಂದ?” ಎಂದೆ.

“ನಾಲ್ಕು ವರ್ಷ. ಯಂತ್ರದ ಸದ್ದಿಗೆ ಅಂತ ಡಾಕ್ಟರು ಹೇಳಿದ್ರು. ಹೋದದ್ದು ಬರಲ್ಲವಂತೆ.”

“ಕಾರ್ಖಾನೇಲಿ ವರ್ಷಾ ವರ್ಷಾ ಕಿವಿ ನೋಡ್ತಾರಲ್ಲ?”

“ಕಿವಿಗೆ ಹೆಡ್‌ಫೋನು ಹಾಕಿ ಬೀಪ್ ಅನ್ನಿಸ್ತಾರೆ, ಕೇಳಿಸಿದ್ರೆ ಗುಂಡಿ ಒತ್ತಬೇಕು. ಪರೀಕ್ಷೆ ಮಾಡೋಳು ಹಿಂದೆ ಕೂತಿರ್ತಾಳೆ, ಆದ್ರೆ ಕಿಟಕಿ ಗಾಜಲ್ಲಿ ಕಾಣ್ತಾಳೆ. ಅವಳ ಭುಜ ಅಲ್ಲಾಡಿದಾಗ ನಾನೂ ಒತ್ತುತೀನಿ. ಗೊತ್ತಾದ್ರೆ ಯಂತ್ರ ಬಿಡಿಸಿ ಗೇಟಿನ ಹತ್ತಿರ ಕೂರಿಸ್ತಾರೆ.”

“ನನಗೆ ಎರಡು ವರ್ಷದಿಂದ ಗೊತ್ತಮ್ಮ,” ಎಂದಳು ಮಗಳು, ನೆಲ ನೋಡುತ್ತಾ. “ಸಣ್ಣ ದನಿ ಮೊದಲು ಕೇಳಿಸದೆ ಹೋಗುತ್ತಂತೆ. ನನ್ನದೇ ಮೊದಲು ಹೋಗಿದ್ದು.”

ಅವಳು ತಲೆ ತಗ್ಗಿಸಿ ಹೇಳಿದ್ದರಿಂದ ಅದು ಅವರಿಗೆ ತಿಳಿಯಲಿಲ್ಲ. ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದರು.

“ನನಗ್ಯಾಕೆ ಹೇಳಲಿಲ್ಲ?” ಎಂದು ಇವರನ್ನೇ ಕೇಳಿದೆ.

“ಹೇಳ್ಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ತಂಗಿ ಗಂಡ ಸಿಕ್ಕಿದಾಗ ಚೇಷ್ಟೆ ಮಾಡಿದ. ಏನು, ಈಗೀಗ ಹೆಂಡತಿ ಮುಖ ಬಿಟ್ಟು ಬೇರೆ ಏನೂ ನೋಡಲ್ಲವಂತೆ ಅಂತ. ನೀನು ಅಷ್ಟು ಖುಷಿಯಾಗಿದ್ದೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ.”

ಸುಳ್ಳು ಯಾಕೆ ಹೇಳಲಿ, ಅವರ ಕಿವಿಗಿಂತ ಮೊದಲು ನನಗೆ ನನ್ನ ದುಃಖವೇ ಬಂತು. ದಾರಿಯಲ್ಲಿ ಮಾತು ಜೋಡಿಸಿಕೊಂಡದ್ದು, ಬೀಗ ತೆಗೆಯುವಾಗ ಕೂದಲು ಸರಿಮಾಡಿಕೊಂಡದ್ದು ಎಲ್ಲ ನೆನಪಾಗಿ ಮೈ ಬಿಸಿಯಾಯಿತು. ಕಿವಿ ಸರಿಯಿದ್ದ ಹದಿನೆಂಟು ವರ್ಷ ನನ್ನ ಮಾತು ಇವರಿಗೆ ಬೇಕಿರಲಿಲ್ಲ. ಬೇಕಾದಾಗ ಕಿವಿ ಇರಲಿಲ್ಲ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ.

“ಹಾಗಾದ್ರೆ ನನ್ನ ನೋಡಿದ್ದೆಲ್ಲ, ಬರೀ ಕೇಳಿಸ್ಕೊಳ್ಳೋಕಾ?” ಎಂದೆ. ತುಟಿ ಅದುರುತ್ತಿತ್ತು.

ಅವರು ಹತ್ತಿರ ಬಾಗಿದರು. “ತಿಳೀಲಿಲ್ಲ. ಇನ್ನೊಂದ್ಸಲ ಹೇಳು.”

ಅದನ್ನು ಎರಡನೇ ಸಲ ಹೇಳಲು ನನ್ನಿಂದ ಆಗಲಿಲ್ಲ.

ಮಗಳು ಎದ್ದು ಹೋಗಿ ಆ ಸ್ಟೀಲ್ ಪಟ್ಟಿಯ ಹೆಡ್‌ಫೋನು ತಂದಳು. ಅದನ್ನು ಅಪ್ಪನ ತಲೆಗೆ ಹಾಕಿ, ತನ್ನ ಫೋನಿನಲ್ಲಿ ಏನೋ ಒತ್ತಿ, ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. “ಇದರ ಮುಂದೆ ಮಾತಾಡಿದ್ರೆ ಅಪ್ಪನ ಕಿವೀಲಿ ದೊಡ್ಡದಾಗಿ ಕೇಳುತ್ತಮ್ಮ. ಪೂರ್ತಿ ಅಲ್ಲ. ಆದ್ರೂ ನೋಡು. ನಾನು ಇದಕ್ಕೇ ಕರ್ಕೊಂಡು ಬಂದದ್ದು.”

“ಏನು ಮಾತಾಡ್ಲಿ?” ಎಂದೆ.

ಅವರು ಬೆಚ್ಚಿದರು. ಎರಡೂ ಕೈ ಕಿವಿಗೆ ಹೋದವು.

“ನಿನ್ನ ದನಿ ದಪ್ಪ ಆಗಿದೆ,” ಎಂದರು. “ನಿನ್ನ ಬಾಯಿ ನೋಡ್ಕೊಂಡು ನಾನು ಮನಸ್ಸಲ್ಲಿ ಹಳೇ ದನೀನೇ ಹಾಕ್ಕೊಳ್ತಿದ್ದೆ.” ಅವರ ಕಣ್ಣಲ್ಲಿ ನೀರಿತ್ತು. “ನಿಲ್ಲಿಸಬೇಡ. ಏನಾದ್ರೂ ಹೇಳು.”

ಹೇಳಿದೆ. ಕೌಂಟರಿಗೆ ಬಂದ ಮುದುಕಿಯೊಬ್ಬಳು ತಾನು ಹೋಗಬೇಕಾದ ಊರನ್ನೇ ಮರೆತಿದ್ದಳು. ನಾನು ಒಂದೊಂದೇ ಊರಿನ ಹೆಸರು ಓದಿ ಹೇಳಿದ್ದೆ. ಅವರು ಕೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಅವರ ಕಣ್ಣು ನನ್ನ ಬಾಯಿಯಿಂದ ಮೆಲ್ಲಗೆ ಜಾರಿ ನೆಲದ ಮೇಲೆ ಹೋಯಿತು, ಅಲ್ಲಿಂದ ಬಾಗಿಲಾಚೆಯ ರಸ್ತೆಗೆ. ಮೈ ಹಗುರಾದವರಂತೆ ಬೆನ್ನು ಗೋಡೆಗೆ ಒರಗಿಸಿದರು. ನಾಲ್ಕು ವರ್ಷ ಒಂದು ಮುಖವನ್ನೇ ದಿಟ್ಟಿಸಿದ ಆಯಾಸ ಎಷ್ಟಿರಬಹುದೆಂದು ನನಗೆ ಆಗ ತಿಳಿಯಿತು.

ಅಂಗಡಿಯಾಕೆ ಬಂದು ನಿಂತಳು. “ಇದನ್ನೇ ಪ್ಯಾಕ್ ಮಾಡ್ಲಾ ಮೇಡಂ?”

ಮಗಳು ನನ್ನ ಮುಖ ನೋಡಿದಳು.

“ಎಷ್ಟು ವರ್ಷ ಬರುತ್ತೆ?” ಎಂದು ಕೇಳಿದೆ.

“ಮೆತ್ತೆ ಬದಲಾಯಿಸ್ಕೊಂಡು ಹೋದ್ರೆ ಎಂಟು ಹತ್ತು ವರ್ಷಕ್ಕೆ ಮೋಸ ಇಲ್ಲ.”

“ಮಾಡಿ,” ಎಂದೆ.

ಫೋನು ಇನ್ನೂ ನನ್ನ ಬಾಯಿಯ ಹತ್ತಿರವೇ ಇತ್ತು. ಅವರಿಗೆ ಅದೂ ಕೇಳಿಸಿತು. “ಬಿಳಿ ಬೇಡ, ಬೇಗ ಕೊಳೆಯಾಗುತ್ತೆ. ಕರೀದೇ ಇರಲಿ,” ಎಂದರು, ರಸ್ತೆ ನೋಡುತ್ತಲೇ.