ಇಳಿಸಿದ ಶ್ರುತಿ

ಜಾಜ್ ಹಾಡಿ ದೊಡ್ಡ ಹೆಸರು ಮಾಡಿದ ಅಕ್ಕನಿಗೆ ನಲವತ್ತು ವರ್ಷದಿಂದ ಪಿಯಾನೋ ನುಡಿಸುತ್ತಿರುವವನು ನಾನೇ. ‘ವಯಸ್ಸು ಆ ಕಂಠದ ಹತ್ತಿರ ಸುಳಿದಿಲ್ಲ’ ಎಂದು ಬರೆಯುವ ಪತ್ರಿಕೆಯವರಿಗೆ ಕಿವಿ ಎಲ್ಲಿದೆ, ಮಣ್ಣು. ಅವಳ ಗಂಟಲು ಸೋತಂತೆಲ್ಲ ನಾನು ಗುಟ್ಟಾಗಿ ಶ್ರುತಿ ಇಳಿಸುತ್ತಾ ಬಂದಿದ್ದೆ.

ಇವತ್ತು ಸ್ಟುಡಿಯೋದವರು ಅವಳ ಮೊದಲ ರೆಕಾರ್ಡ್ ಹಾಕಿ, ಜೊತೆಗೆ ಹಾಡಿ ಎಂದರು. ನಿನ್ನೆ ನನ್ನೊಂದಿಗೆ ಸಲೀಸಾಗಿ ಹಾಡಿದ ಹಾಡೇ ಅದು. ಎರಡನೇ ಸಾಲಿಗೇ ದನಿ ಒಡೆಯಿತು. ಅಕ್ಕ ತಿರುಗಿ, ಪಿಯಾನೋ ಮೇಲಿದ್ದ ನನ್ನ ಬೆರಳುಗಳನ್ನು ನೋಡಿದಳು.

“ಯಾವಾಗಿಂದ ಇಳಿಸ್ತಿದ್ದೀಯೋ?”

“ಹನ್ನೆರಡು ವರ್ಷ ಆಯ್ತಕ್ಕ. ಹೇಳಿದ್ರೆ ನೀನು ಹಾಡೋದೇ ಬಿಟ್ಬಿಡ್ತಿದ್ದೆ.”

“ಬಿಡ್ತಿದ್ದೆ. ಮರ್ಯಾದೆಯಾಗಿ ಬಿಡ್ತಿದ್ದೆ.”

ನಾನು ಕೈ ತೆಗೆಯುವವರೆಗೂ ಕಾದು, ಅಕ್ಕ ಪಿಯಾನೋದ ಮುಚ್ಚಳ ಹಾಕಿದಳು.