ಅಡುಗೆಯವಳ ಗೋರಿ

“ಮಗುವಿನ ಅಮ್ಮನ ಗೋರಿ ಇಲ್ಲೇ ಹತ್ತಿರದಲ್ಲಿದೆ ಅಂದಿದ್ರಲ್ಲ ಬ್ರದರ್, ಹೋಗೋ ಮುಂಚೆ ಒಂದಿಷ್ಟು ಹೂ ಇಟ್ಟು ಬರೋಣ” ಎಂದು ದಾನಿಯಮ್ಮ ಅಂದಾಗ, ಆ ಅಮ್ಮ ಚಹಾದ ತಟ್ಟೆ ಹಿಡಿದುಕೊಂಡು ಅವರ ಮೊಣಕೈ ಪಕ್ಕದಲ್ಲೇ ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು.

“ನಂಗೆ ಸಕ್ಕರೆ ಕಮ್ಮಿ” ಎಂದರು ದಾನಿಯಮ್ಮ, ತಲೆ ಎತ್ತದೆ.

ಬ್ರದರ್ ಎಂದರೆ ಆ ಅನಾಥಾಲಯದ ಯಜಮಾನ. ತಬ್ಬಲಿ ಮಕ್ಕಳು, ಗಂಡ ಸತ್ತವರು, ದಿಕ್ಕಿಲ್ಲದ ಸಂಸಾರಗಳು, ಎಲ್ಲರನ್ನೂ ಯೇಸುವಿನ ಹೆಸರಿನಲ್ಲಿ ಸಾಕುವ ಹೊಣೆ ಹೊತ್ತಿದ್ದ. ಹೊತ್ತ ಭಾರಕ್ಕೆ ಇಳಿದುಹೋಗದೆ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಂಡಿದ್ದ. ಅವನ ಹೆಂಡತಿಯನ್ನು ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ಗಂಡ ಬ್ರದರ್, ಹೆಂಡತಿ ಸಿಸ್ಟರ್. ಅಡುಗೆಯವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಸಂಬಂಧ ಹೇಗೆಂದು ತಿಳಿಯದೆ ಇಬ್ಬರ ಮುಖಚಹರೆಯಲ್ಲಿ ಹೋಲಿಕೆ ಹುಡುಕಿದ್ದಳು.

ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು, ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಮಗಳ ಕೈ ಹಿಡಿದು ಬಾಗಿಲಿಗೆ ಬಂದವಳಿಗೆ ಬ್ರದರ್ ಲೋಕದ ರೀತಿಯನ್ನು ಬಿಡಿಸಿ ಹೇಳಿದ್ದ. “ನೋಡಮ್ಮ, ಅಪ್ಪ ಮಾತ್ರ ಸತ್ತ ಮಗೂಗೆ ಅರ್ಧ ಕನಿಕರ ಬರುತ್ತೆ. ಅರ್ಧ ಕನಿಕರದಲ್ಲಿ ಮಗು ಓದೋಕಾಗುತ್ತಾ?” ಹಾಗಾಗಿ ಪೂರ್ತಿ ಕನಿಕರಕ್ಕೆ ಏರ್ಪಾಡಾಯಿತು. ಮಗಳು ಮಕ್ಕಳ ಕೋಣೆಗೆ ಹೋದಳು, ತಾಯಿ ಒಲೆಯ ಮುಂದಕ್ಕೆ. ನೋಡಲು ಯಾರಾದರೂ ಬಂದರೆ ಮಗಳು ಅವಳನ್ನು ಆಂಟಿ ಅನ್ನಬೇಕು. ಬ್ರದರನ ಭಾಷಣಗಳಲ್ಲಿ ಅವಳು ಮೊದಲು ಜ್ವರದಲ್ಲಿ ಸತ್ತಳು, ಆಮೇಲೆ ಪ್ರವಾಹದಲ್ಲಿ ಸತ್ತಳು, ಒಮ್ಮೆ ಅವನು ಭಾವಾವೇಶದಲ್ಲಿದ್ದಾಗ ಹೆರಿಗೆಯಲ್ಲೂ ಸತ್ತಳು. ಬಾಗಿಲ ಮರೆಯಲ್ಲಿ ನಿಂತು ಕೇಳಿದ ಅಡುಗೆಯವಳು, ಜ್ವರದ್ದೇ ಚೆನ್ನಾಗಿತ್ತು ಅಂದುಕೊಂಡಿದ್ದಳು.

ಇವತ್ತಿನ ಮಾತು ಬೇರೆ. ದಾನಿಯಮ್ಮನ ಮನಸ್ಸು ಕರಗಿದರೆ ಹುಡುಗಿ ಪಟ್ಟಣದ ದೊಡ್ಡ ಶಾಲೆಗೆ ಹೋಗುತ್ತಾಳೆ, ಕೊನೆಯವರೆಗೂ ಓದುತ್ತಾಳೆ. ಗುಟ್ಟು ರಟ್ಟಾದರೆ ತಾಯಿ ಮಗಳು ಇಬ್ಬರೂ ಬೀದಿಗೆ.

ಬ್ರದರ್ ಅಡುಗೆಮನೆಗೆ ನುಗ್ಗಿ ಬಂದ. “ಈಗೇನಮ್ಮ ಮಾಡೋದು?”

“ನನ್ನ ಕೇಳ್ತೀರಾ? ಸಾಯಿಸಿದೋರು ನೀವು, ಹೂಳೋದೂ ನೀವೇ ನೋಡ್ಕೊಳ್ಳಿ.”

“ತಮಾಷೆಗೆ ಹೊತ್ತಲ್ಲ. ಒಂದು ಕೊಡ ನೀರು ತಗೊಂಡು ಹಿಂದಿನ ದಾರೀಲಿ ಓಡು. ಹೆಸರಿಲ್ಲದ್ದು ಒಂದು ಗೋರಿ ನೋಡಿ, ತೊಳೆದು ಇಟ್ಟಿರು. ಅಷ್ಟರಲ್ಲಿ ನಾನು ಇವರಿಗೆ ಮಕ್ಕಳ ಹಾಡು ಕೇಳಿಸ್ತೀನಿ. ದೇವರು ಕ್ಷಮಿಸ್ತಾನೆ.”

“ದೇವರು ಕ್ಷಮಿಸ್ತಾನೆ ಸರಿ. ಒಲೆ ಮೇಲಿರೋದು ಸೀದರೆ ಸಿಸ್ಟರ್ ಕ್ಷಮಿಸಲ್ಲ.”

ಆದರೂ ಕೊಡ ಎತ್ತಿಕೊಂಡಳು.

ಸ್ಮಶಾನದ ಕಾವಲುಗಾರ ಗೋಡೆಗೊರಗಿ ತೂಕಡಿಸುತ್ತಿದ್ದ. ಗೋರಿ ಬೇಕು ಅಂದದ್ದಕ್ಕೆ ಒಂದೇ ಕಣ್ಣು ತೆರೆದ. “ಯಾರಿಗೆ?”

“ನಂಗೇ.”

“ಬ್ರದರ್ ಕಡೆಯೋಳಾ?” ಎಂದು ಇನ್ನೊಂದು ಕಣ್ಣನ್ನೂ ತೆರೆದ. “ಮೊದಲೇ ಹೇಳಬಾರದಾ. ದಾರಿ ಹತ್ತಿರದ್ದು ಬೇಕೋ, ನೆರಳಿರೋದು ಬೇಕೋ?”

“ನೆರಳಿರೋದೇ ಇರಲಿ. ಬದುಕಿದ್ದಾಗಂತೂ ಸಿಗಲಿಲ್ಲ.”

ಮರದಡಿ ಸಿಮೆಂಟು ಬಿರಿದ ಒಂದು ದಿಬ್ಬ ತೋರಿಸಿದ. ಅವಳು ಕಳೆ ಕಿತ್ತಳು, ಹಕ್ಕಿಯ ಹಿಕ್ಕೆ ಉಜ್ಜಿದಳು, ಅಡುಗೆಮನೆಯ ನೆಲ ತೊಳೆದಂತೆ ಮೂಲೆ ಮೂಲೆಗೂ ನೀರು ಸುರಿದಳು. “ಒಳಗಿರೋದು ಯಾರಜ್ಜ?”

“ಯಾರೋ ಗಂಡಸು. ಒಳ್ಳೇವನು, ಇಷ್ಟು ವರ್ಷದಲ್ಲಿ ಒಂದು ಮಾತಾಡಿಲ್ಲ.”

ವ್ಯಾನು ಬಂತು. ದಾನಿಯಮ್ಮ ಬಣ್ಣದ ಕಾಗದ ಸುತ್ತಿದ ಹೂಗೊಂಚಲು ಹಿಡಿದು ಇಳಿದರು. ಹಿಂದೆ ಇಸ್ತ್ರಿ ಮಾಡಿದ ಬಿಳಿ ಫ್ರಾಕಿನಲ್ಲಿ ಹುಡುಗಿ, ಅವಳ ಹಿಂದೆ ಬ್ರದರ್. ಅಡುಗೆಯವಳು ಖಾಲಿ ಕೊಡ ಎತ್ತಿಕೊಂಡು ಗೋಡೆಯ ಬದಿಗೆ ಸರಿದಳು. ಹುಡುಗಿಯ ಅಪ್ಪನ ಗೋರಿ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ಅವನು ನಿಜವಾಗಿಯೂ ಸತ್ತಿದ್ದ.

ಬ್ರದರ್ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಆ ಪುಣ್ಯವತಿ ಕರ್ತನ ಮಡಿಲಲ್ಲಿ ಮಲಗಿದ್ದಾಳೆ, ಇನ್ನು ಅವಳಿಗೆ ದುಡಿಮೆಯಿಲ್ಲ, ದಣಿವಿಲ್ಲ ಎಂದ. ತನ್ನ ದನಿಗೆ ತಾನೇ ಕರಗಿ ಮೂಗು ಒರೆಸಿಕೊಂಡ. ದಣಿವಿಲ್ಲ ಎಂಬಲ್ಲಿ ಅಡುಗೆಯವಳು ಕೊಡವನ್ನು ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಿಸಿದಳು.

ದಾನಿಯಮ್ಮ ಹುಡುಗಿಯೆದುರು ಮಂಡಿಯೂರಿ, ಕೈಚೀಲದಿಂದ ಚಾಕೊಲೇಟು ತೆಗೆದುಕೊಟ್ಟರು. “ಅಮ್ಮನ ಮುಖ ನೆನಪಿದೆಯಾ ಪುಟ್ಟಿ?”

ಬ್ರದರ್ ಕೆಮ್ಮಿದ. “ಆಗ ತೀರಾ ಚಿಕ್ಕವಳು ಮೇಡಂ, ಅದಕ್ಕೆಲ್ಲಿ...”

“ಇದೆ” ಎಂದಳು ಹುಡುಗಿ.

ದಾನಿಯಮ್ಮನ ಭುಜದ ಮೇಲಿಂದ ಅವಳು ಗೋಡೆಯ ಕಡೆ ನೋಡುತ್ತಿದ್ದಳು. ನೋಡಿಕೊಂಡೇ ಹೇಳಿದಳು. “ಗಲ್ಲದ ಮೇಲೊಂದು ಮಚ್ಚೆ. ಎಡಗೈ ಮೇಲೆ ಉದ್ದಕ್ಕೆ ಸುಟ್ಟ ಗಾಯ. ಬೈಯುವಾಗ ಒಂದು ಹುಬ್ಬು ಮಾತ್ರ ಮೇಲೆ ಹೋಗುತ್ತೆ.”

“ಹೋಗ್ತಿತ್ತು” ಎಂದ ಬ್ರದರ್. ಅವನ ಹಣೆಯಲ್ಲಿ ಬೆವರು.

ಅಡುಗೆಯವಳ ಒಂದು ಹುಬ್ಬು ಆಗಲೇ ಮೇಲೆ ಹೋಗಿತ್ತು. ಅದನ್ನು ಇಳಿಸಲು ನೋಡಿದಳು, ಇಳಿಯಲಿಲ್ಲ.

ದಾನಿಯಮ್ಮ ಕಣ್ಣೊರೆಸಿಕೊಂಡು ಎದ್ದರು. ಹೂವಿಗೆ ಸುತ್ತಿದ ಕಾಗದವನ್ನು ಬಿಚ್ಚುತ್ತ ತಿರುಗಿ, ಸೀದಾ ಗೋಡೆಯ ಕಡೆಗೇ ನಡೆದು ಬಂದರು. ಬ್ರದರನ ತುಟಿಗಳು ಅಲುಗಿದವು. ಆ ದಿನ ಅವನು ಮಾಡಿದ ಪ್ರಾರ್ಥನೆಗಳಲ್ಲಿ ಪ್ರಾಮಾಣಿಕವಾದದ್ದು ಬಹುಶಃ ಅದೊಂದೇ. ದಾನಿಯಮ್ಮ ಅವಳ ಮುಂದೆ, ಮಚ್ಚೆ ಕೈಗೆಟುಕುವಷ್ಟು ಹತ್ತಿರ ನಿಂತರು.

“ಇದನ್ನ ಎಲ್ಲಾದ್ರೂ ಬಿಸಾಕಮ್ಮ” ಎಂದು ಕಾಗದ ಮುಂದೆ ಹಿಡಿದರು.

ಬಲಗೈಯಲ್ಲಿ ಕೊಡವಿತ್ತು. ಅಡುಗೆಯವಳು ಎಡಗೈ ಚಾಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಳೆಯುವ ಗಾಯದ ಗೆರೆ. ದಾನಿಯಮ್ಮ ಕಾಗದವನ್ನು ಆ ಅಂಗೈಯಲ್ಲಿಟ್ಟು, “ಹೂವಿಗೆ ನೀರು ಹಾಕು, ಬಾಡಬಾರದು” ಎಂದು ಹಿಂದಿರುಗಿದರು.

“ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದೆ ಬ್ರದರ್ ಮಗು” ಎಂದರು ಗದ್ಗದರಾಗಿ. “ಇವಳ ಓದು ಇನ್ನು ನಂದು. ಆದ್ರೆ ಒಂದು ಮಾತು, ವರ್ಷಾವರ್ಷ ನಾನು ಈ ಗೋರಿಗೆ ಬರೋಳೇ.”

“ಬನ್ನಿ ಮೇಡಂ, ಅಗತ್ಯ ಬನ್ನಿ” ಎಂದ ಬ್ರದರ್, ಗೋರಿಯೊಳಗಿನವನೇ ಎದ್ದು ಬಂದಂತಹ ದನಿಯಲ್ಲಿ.

ಹುಡುಗಿ ಗೋರಿಯ ಮೇಲೆ ಹೂವಿಟ್ಟು, ಬಗ್ಗಿ ಕೊಂಚ ಹೊತ್ತು ಅಲ್ಲೇ ಏನೋ ಸರಿಪಡಿಸಿದಳು. ವ್ಯಾನು ಹತ್ತುವ ಮುಂಚೆ ಗೋಡೆಯ ಕಡೆ ಕೈಬೀಸಿದಳು. “ಬರ್ತೀನಿ ಆಂಟಿ.” ಕಲಿಸಿಕೊಟ್ಟಂತೆ, ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

ವ್ಯಾನಿನಲ್ಲಿ ಅಡುಗೆಯವಳಿಗೆ ಜಾಗವಿರಲಿಲ್ಲ. ಧೂಳು ಅಡಗಿದ ಮೇಲೆ ಅವಳು ನಲ್ಲಿಯಲ್ಲಿ ಕೊಡ ತುಂಬಿ ತಂದು, ಹೂವಿಗೆ ನೀರು ಹಾಕಲು ಬಗ್ಗಿದಳು. ಕಾಂಡಗಳ ಸಂದಿನಲ್ಲಿ ಏನೋ ಮಿನುಗಿತು. ಅರ್ಧ ಚಾಕೊಲೇಟು. ತುದಿಯಲ್ಲಿ ಸಣ್ಣ ಹಲ್ಲುಗಳ ಗುರುತು, ಉಳಿದದ್ದಕ್ಕೆ ಇರುವೆ ಮುತ್ತದಂತೆ ಬೆಳ್ಳಿಕಾಗದವನ್ನು ಮಡಿಸಿ ಮಡಿಸಿ ಮುಚ್ಚಲಾಗಿತ್ತು.

ಕೊಡ ಕೆಳಗಿಟ್ಟು, ನೆರಳಿದ್ದ ಕಡೆಗೆ ಸರಿದು, ಅವಳು ಗೋರಿಯ ಅಂಚಿನ ಮೇಲೆ ಕೂತಳು. ಚಾಕೊಲೇಟು ಬಿಸಿಲಿಗೆ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು.

“ಮುಗೀತೇನಮ್ಮ?” ಎಂದು ಕಾವಲುಗಾರ ಗೇಟಿನ ಬಳಿಯಿಂದ ಕೂಗಿದ.

ಬಾಯಿ ತುಂಬಿತ್ತು. ಅವಳು, ಇರು ಎನ್ನುವಂತೆ ಎಡಗೈ ಎತ್ತಿದಳು.